ಕಿವಿ ಮೇಸ್ತ್ರಿ ಮತ್ತು ಕೆಮ್ಮುವ ವಿಮಾನ

ನಮ್ಮ ಮನೆಯವರನ್ನು ವಿಮಾನದ ಶೆಡ್ಡಿನಲ್ಲಿ ಎಲ್ಲರೂ ಕರೆಯೋದೇ ಕಿವಿ ಮೇಸ್ತ್ರಿ ಅಂತ. ಓಡುತ್ತಿರುವ ಎಂಜಿನ್ನಿನಿಂದ ಸ್ವಲ್ಪ ದೂರ ನಿಂತು, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿದರೆ ಸಾಕು, ಯಾವ ಸಿಲಿಂಡರ್ ಮುನಿಸಿಕೊಂಡಿದೆ ಅಂತ ಹೇಳಿಬಿಡುತ್ತಾರೆ. ಮನೆಗೆ ಬಂದರೆ ಮಾತ್ರ ಆ ಕಿವಿಗೆ ರಜೆ. ಕುಕ್ಕರ್ ಕೂಗಿ ಕೂಗಿ ಸುಸ್ತಾದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿರುತ್ತಾರೆ. ರೇಗಿದರೆ "ಸೀಟಿ ಎಲ್ಲಿ ಬಂತು?" ಅಂತ ನನ್ನನ್ನೇ ಕೇಳುತ್ತಾರೆ. ಜಾಣಕಿವುಡು ಅಂದುಕೊಂಡು ನಾನೇ ಎದ್ದು ಹೋಗಿ ಒಲೆ ಆರಿಸುತ್ತಿದ್ದೆ.

ನಮ್ಮ ಮಗಳು ಅದೇ ಶೆಡ್ಡಿನಲ್ಲಿ ವಿಮಾನ ಹಾರಿಸೋದು ಕಲಿಯುತ್ತಿದ್ದಳು. ಇದ್ದದ್ದು ಒಂದೇ ಪುಟ್ಟ ವಿಮಾನ, ಎರಡೇ ಸೀಟು. ಪಕ್ಕದಲ್ಲಿ ಕೂತು ಕಲಿಸುವ ಮೇಡಂ ಇನ್ನು ಇಳಿದುಬಿಡಬೇಕು, ಇವಳೊಬ್ಬಳೇ ಮೇಲೆ ಹೋಗಿ ಬರಬೇಕು, ಅಷ್ಟು ಹತ್ತಿರಕ್ಕೆ ಬಂದಿತ್ತು. ಸರಿಯಾಗಿ ಆಗಲೇ ವಿಮಾನಕ್ಕೆ ಕೆಮ್ಮು ಶುರುವಾಯಿತು.

ಕೆಳಗಿದ್ದಾಗ ಏನೂ ಇಲ್ಲ. ಮೇಲೇರಿ ಒಂದಷ್ಟು ಹೊತ್ತಾದ ಮೇಲೆ ಎಂಜಿನ್ ಖೊಕ್ ಖೊಕ್ ಅನ್ನೋದು, ಮೇಡಂ ಹುಷಾರಾಗಿ ಇಳಿಸಿಕೊಂಡು ಬರೋದು. ಇವರು ಏಣಿ ಹತ್ತಿ, ರೆಕ್ಕೆಯ ಮೇಲಿನ ಟ್ಯಾಂಕಿನ ಮುಚ್ಚಳ ತೆಗೆದು, ಪೆಟ್ರೋಲ್ ಇದೆಯಾ ಅಂತ ಇಣುಕಿ ನೋಡುತ್ತಿದ್ದರು. ಯಾವ ರಿಪೇರಿಗೂ ಇವರದು ಇದೇ ಮೊದಲ ಕೆಲಸ. ಆಮೇಲೆ ಎಂಜಿನ್ ಓಡಿಸಿದರೆ ಅದು ಏನೂ ಆಗದವರ ಹಾಗೆ ಸೊಗಸಾಗಿ ಓಡೋದು. ಪ್ಲಗ್ಗು ಬದಲಾಯಿಸಿದರು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಫಿಲ್ಟರಿನಲ್ಲಿ ಕಸವಿಲ್ಲ, ಪೆಟ್ರೋಲಿನಲ್ಲಿ ನೀರಿಲ್ಲ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಎಂಜಿನ್ನಿಗೆ ಕೈ ಹಾಕಿದವರೇ ರಿಪೇರಿಯ ನಂತರದ ಮೊದಲ ಹಾರಾಟದಲ್ಲಿ ಕೂರಬೇಕು. ಇವರೂ ಮೇಡಂ ಜೊತೆ ಕೂತು ಹೋದರು, ಕೆಮ್ಮಿಸಿಕೊಂಡೇ ಬಂದರು. ಅವತ್ತು ತಟ್ಟೆಯ ಮುಂದೆ ಕೂತವರು ತುತ್ತು ಎತ್ತಲಿಲ್ಲ.

"ನಾನು ಹೂಂ ಅಂದರೆ ಅವಳು ಒಬ್ಬಳೇ ಹೋಗ್ತಾಳೆ ಕಣೇ," ಅಂದರು. "ಹೇಗೆ ಹೂಂ ಅನ್ನಲಿ?"

ನನಗಂತೂ ಎದೆಯ ಮೇಲೆ ಕಲ್ಲು ಇಟ್ಟ ಹಾಗಾಗಿತ್ತು. ಜೊತೆಗೆ ಆ ಹಾಳು ವಿಮಾನಕ್ಕೆ ಮೇಲೆ ಹೋದಾಗ ಮಾತ್ರ ಏನಾಗುತ್ತೆ ಅನ್ನೋ ಕುತೂಹಲವೂ ಬಿಡಲೊಲ್ಲದು. ಮಾರನೇ ದಿನ ಊಟದ ಡಬ್ಬಿ ಕೊಡುವ ನೆಪ ಮಾಡಿ ನಾನೇ ಶೆಡ್ಡಿಗೆ ಹೋದೆ.

ಮೇಡಂ ಅದೇ ತಾನೇ ವಿಮಾನ ಇಳಿಸಿದ್ದರು, ಮತ್ತೆ ಅದೇ ಕೆಮ್ಮು. ಇವರು ಏಣಿ ಹತ್ತಿ ಮುಚ್ಚಳ ತಿರುಗಿಸಿದರು. ಉಸ್ ಅಂತ ಸಣ್ಣಗೆ, ಉದ್ದಕ್ಕೆ ಒಂದು ಸದ್ದು ಬಂತು.

"ಏನೇ ಅದು?" ಅಂತ ಮಗಳನ್ನು ಕೇಳಿದೆ.

"ಕೆಮ್ಮಿ ಇಳಿದಾಗಲೆಲ್ಲ ಹಾಗೇ ಅನ್ನುತ್ತಮ್ಮ."

"ಅಪ್ಪನಿಗೆ ಹೇಳಿದ್ಯಾ?"

"ಕಿವಿ ಮೇಸ್ತ್ರಿಗೆ ಹೋಗಿ ಸದ್ದು ಕೇಳಿಸ್ತಾ ಅಂತ ಕೇಳಲಾ? ಬೈಸಿಕೊಳ್ಳೋಕಾ?"

ಮೇಡಂ ಕಡೆ ನೋಡಿದೆ. ಅವರೂ ಕೇಳಿಸಿಕೊಂಡವರೇ. ಮೇಸ್ತ್ರಿಗೆ ಗೊತ್ತಿರುತ್ತೆ ಅಂತ ಅವರೂ ಸುಮ್ಮನಿದ್ದರಂತೆ. ನಾನು ಏಣಿಯ ಮೇಲಿದ್ದ ಇವರ ಮುಖ ನೋಡಿದೆ. ಸದ್ದು ಕೇಳಿಸಿದ ಗುರುತೇ ಅಲ್ಲಿರಲಿಲ್ಲ. ನನಗೆ ನಮ್ಮ ಕುಕ್ಕರ್ ನೆನಪಾಯಿತು. ಅದು ಜಾಣಕಿವುಡಲ್ಲ, ಎಂಜಿನ್ನಿನ ದಪ್ಪ ಸದ್ದು ಹಿಡಿಯುವ ಆ ಕಿವಿಗೆ ಸೀಟಿಯಂಥ ಸಣ್ಣ ಸದ್ದು ಕೇಳಿಸುತ್ತಲೇ ಇರಲಿಲ್ಲ.

"ಇಲ್ನೋಡಿ," ಅಂದೆ. "ಮುಚ್ಚಳ ತೆಗೆದಾಗ ಉಸ್ ಅಂತು."

ಇವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಮೇಡಂ ಅವರನ್ನು ನೋಡಿದರು. "ಯಾವ ಉಸ್?" ಅಂದರು.

ನಾವು ಮೂವರೂ ಟ್ಯಾಂಕಿನ ಮುಚ್ಚಳದ ಕಡೆ ಕೈ ತೋರಿಸಿದೆವು. ಇವರು ನಿಧಾನವಾಗಿ ಇಳಿದು ಬಂದು ರೆಕ್ಕೆಯ ಕೆಳಗೆ ಬಗ್ಗಿದರು. ಅಲ್ಲೊಂದು ಬೆರಳು ಗಾತ್ರದ ಕೊಳವೆ ಇತ್ತು. ಅದರೊಳಗೆ ತೆಳ್ಳನೆ ತಂತಿ ಆಡಿಸಿದರು. ಒಣಗಿದ ಮಣ್ಣಿನ ಉಂಡೆಯೊಂದು ಅಂಗೈಗೆ ಬಿತ್ತು. ಯಾವುದೋ ಕಣಜದ ಹುಳ ಒಳಗೆ ಗೂಡು ಕಟ್ಟಿಕೊಂಡಿತ್ತು.

"ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು, ಅದಕ್ಕೆ ಈ ಕೊಳವೆ," ಅಂದರು. "ಇದು ಕಟ್ಟಿಕೊಂಡರೆ ಪೆಟ್ರೋಲ್ ಒಳಗೇ ನಿಂತುಬಿಡುತ್ತೆ, ಎಂಜಿನ್ ಕೆಮ್ಮುತ್ತೆ. ನಾನು ಪ್ರತಿ ಸಲ ಮೊದಲು ಮುಚ್ಚಳ ತೆಗೆದು ಗಾಳಿ ಕುಡಿಸ್ತಿದ್ದೆ. ನಾನೇ ಔಷಧಿ ಕೊಟ್ಟು, ಆಮೇಲೆ ಕಾಯಿಲೆ ಎಲ್ಲಿ ಅಂತ ಹುಡುಕ್ತಿದ್ದೆ." ನಗಲು ನೋಡಿದರು, ಆಗಲಿಲ್ಲ.

ಪದ್ಧತಿಯ ಪ್ರಕಾರ ಇವರೇ ಮೇಡಂ ಜೊತೆ ಮೇಲೆ ಹೋದರು. ಬಹಳ ಹೊತ್ತು ಸುತ್ತಿದರು, ಒಂದು ಕೆಮ್ಮೂ ಇಲ್ಲ. ಕೊಳವೆಯನ್ನು ಇನ್ನೊಂದು ಸಲ ನೋಡಿ ಬಂದು ಮಗಳಿಗೆ ಹೂಂ ಅಂದರು. ಅವಳು ಒಬ್ಬಳೇ ಹತ್ತಿ ಕೂತಳು.

ನಾವಿಬ್ಬರೂ ಬೇಲಿಯ ಹತ್ತಿರ ನಿಂತೆವು. ವಿಮಾನ ನೆಲ ಬಿಟ್ಟು ಮೇಲೇರಿತು. ಇವರು ಅಭ್ಯಾಸದಂತೆ ಕಣ್ಣು ಮುಚ್ಚಿ ತಲೆ ವಾಲಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನನ್ನ ಕೈ ಹಿಡಿದುಕೊಂಡರು.

"ನನಗೆ ಚೆನ್ನಾಗೇ ಕೇಳಿಸ್ತಿದೆ," ಅಂದರು. "ಆದರೂ ನೀನೊಂದು ಸಲ ಕೇಳಿ ಹೇಳು."

ಎಂಜಿನ್ನಿಗೂ ಮಿಕ್ಸಿಗೂ ವ್ಯತ್ಯಾಸ ತಿಳಿಯದ ನಾನು ಕಣ್ಣು ಮುಚ್ಚಿ ತಲೆ ವಾಲಿಸಿದೆ. "ಒಂದೇ ಸಮ ಇದೆ ಕಣ್ರೀ," ಅಂದೆ. ಮಗಳು ಇಳಿಯುವವರೆಗೂ ಇವರು ಮತ್ತೆ ಮತ್ತೆ ಕೇಳುತ್ತಲೇ ಇದ್ದರು, ನಾನು ಹೇಳುತ್ತಲೇ ಇದ್ದೆ.