ತನ್ನ ಅಂಗಡಿಯ ಎದುರು ಕುಳಿತವನು

ಅಂಗಡಿಯ ಬಾಗಿಲು ನೀಲಿಯೋ ಹಸಿರೋ, ಈಗ ಖಾತ್ರಿಯಿಲ್ಲ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು, ನಾನು ಚಿಕ್ಕವಳು. ಕೆಲವನ್ನು ಕಂಡೆನೋ, ಸೋದರತ್ತೆಯಿಂದ ಕೇಳಿದೆನೋ ಹೇಳಲಾರೆ. ಆದರೆ ಸುರಪುರದಲ್ಲಿ ನಮ್ಮ ಮನೆಯೆದುರಿನ ದರ್ಜಿ, ಹೊಲಿಯುವ ಬಟ್ಟೆ ಎಷ್ಟೇ ರಾಶಿ ಬಿದ್ದಿರಲಿ, ಮಧ್ಯಾಹ್ನ ಮಷಿನ್ ನಿಲ್ಲಿಸಿ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದ. ಅಂಗಡಿಯನ್ನು ಮುಂದೆ ಹೇಗೆ ನಡೆಸಬೇಕೆಂದು ಅದನ್ನೇ ನೋಡುತ್ತ ಯೋಚಿಸುತ್ತಿದ್ದ. "ಒಳಗ ಕುಂತ್ರ ಸೂಜಿ ಕಾಣ್ತದ, ಅಂಗಡಿ ಕಾಣಂಗಿಲ್ಲ" ಎನ್ನುತ್ತಿದ್ದ.

ಒಮ್ಮೆ ಹಬ್ಬದ ಮುಂದೆ ತಹಸೀಲಿನ ಚಪರಾಸಿ ಸಾಹೇಬರ ಶೇರವಾನಿಗೆ ಬಂದ. ದರ್ಜಿ ಆಗ ನಮ್ಮ ಕಟ್ಟೆಯ ಮೇಲಿದ್ದ.

"ಏ ದರ್ಜಿ, ಶೇರವಾನಿ ಆತೇನ?"

"ದರ್ಜಿ ಹೊರಗ ಹೋಗ್ಯಾನ್ರಿ. ಬರ್ತಾನ, ಕುಂದರ್ರಿ."

"ಮತ್ತ ನೀ ಯಾರಪಾ?"

"ನಾ ಮಾಲಕ."

ನಮ್ಮ ಮನೆಯ ಬಾಗಿಲ ಹಿಂದೆ ನಿಂತಿದ್ದ ಅತ್ತೆ ನಕ್ಕುಬಿಟ್ಟಳು. ಅವಳಿಗಿನ್ನೂ ಮದುವೆಯಾಗಿರಲಿಲ್ಲ. ದರ್ಜಿ ತಿರುಗದೆ ಅಂಗಡಿಯ ಮೂಲೆಯತ್ತ ಕೈ ತೋರಿದ. "ಅಲ್ಲೊಂದು ಪರದೆ ಕಟ್ಟಿ ಇನ್ನೊಂದು ಮಷಿನ್ ಇಡಾಂವ ಅದೀನ್ರಿ ಅಕ್ಕಾರ. ಹೆಣ್ಮಕ್ಕಳ ಕುಬಸಕ್ಕ ಹೆಣ್ಮಗಳೇ ಅಳತಿ ತಗೋಬೇಕು. ನಿಮ್ಮ ಕೈಹೊಲಿಗಿ ನೋಡೇನ್ರಿ."

ಆ ಬೇಸಿಗೆಯಲ್ಲೇ ಅವಳನ್ನು ಕಕ್ಕೇರಾಕ್ಕೆ ಮದುವೆ ಮಾಡಿಕೊಟ್ಟರು. ದರ್ಜಿ ಪರದೆ ಕಟ್ಟಿದ, ಮಷಿನ್ನೂ ಬಂತು. ಅದರ ಮುಂದೆ ಯಾರೂ ಕುಳಿತದ್ದು ನನಗೆ ನೆನಪಿಲ್ಲ. ಅವನು ಮಾತ್ರ ಮಧ್ಯಾಹ್ನ ಬಂದು ಆ ಮೂಲೆಯನ್ನು ನೋಡುತ್ತಿದ್ದ.

ಹದಿನೈದು ದಿನಗಳ ಹಿಂದೆ ಅತ್ತೆಯನ್ನು ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದವಳು ದಾರದ ತುದಿ ಕಚ್ಚಿ ಮತ್ತೆ ಪೋಣಿಸತೊಡಗಿದಳು.

"ಅತ್ತಿ, ಮನ್ಯಾಗ ಹೂಂ ಅಂದಿದ್ರ, ನೀ ಅಲ್ಲಿ ಹೊಲಿಯಾಕ ಹೋಗ್ತಿದ್ದೇನ?"