ಬೀರುವಿನ ಕೆಳಗೆ ಪಾದ

ಸಿಟಪ್ಸ್ ಹೊಡೆಯಲು ಒಬ್ಬ ಸಾಲದು, ಇಬ್ಬರು ಬೇಕು. ಒಬ್ಬ ಅಂಗಾತ ಮಲಗಿ, ಕೈಗಳನ್ನು ತಲೆಯ ಹಿಂದೆ ಕಟ್ಟಿಕೊಂಡು ಎದ್ದೆದ್ದು ಕೂರಬೇಕು. ಇನ್ನೊಬ್ಬ ಅವನ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಕರಾಟೆಯಲ್ಲಿ ಒದೆಯುವುದು, ಗುದ್ದುವುದು ಎಲ್ಲವನ್ನೂ ಒಬ್ಬೊಬ್ಬರೇ ಗಾಳಿಯಲ್ಲಿ ಮಾಡಿ ಮುಗಿಸಬಹುದಿತ್ತು. ನನ್ನ ಗ್ರಹಚಾರಕ್ಕೆ ಇದೊಂದಕ್ಕೆ ಮಾತ್ರ ಜೊತೆ ಬೇಕಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಂಜನಗೂಡಿನ ಶಾಲೆಯೊಂದರ ಹಾಲ್‌ನಲ್ಲಿ ವಾರಕ್ಕೆ ಮೂರು ಸಂಜೆ ಕ್ಲಾಸು. ನಾನಾಗ ಎಂಟನೇ ತರಗತಿ. ಅಪ್ಪ ಅಲ್ಲೇ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ನಮ್ಮ ಹಳ್ಳಿ ಹದಿನಾರು ಅನ್ನುವ ಊರಿಗೆ ಹೋಗುವ ರಸ್ತೆಯಲ್ಲಿ. ಊರಾಚೆಯ ಕೇರಿಯಲ್ಲಿ ನಮ್ಮ ಮನೆ, ಬಾಗಿಲು ತೆಗೆದರೆ ಎದುರಿಗೇ ಬುದ್ಧನ ಪಟ. ಆ ಪಟದ ಕೆಳಗೆ ನಿಲ್ಲಿಸಿಕೊಂಡು ಅಪ್ಪ ಹೇಳಿಕೊಟ್ಟ ಪಾಠ ಒಂದೇ: "ಯಾವೂರು, ಯಾವ ಬೀದಿ ಅಂತ ಯಾರಾದ್ರೂ ಕೇಳುದ್ರೆ ತಲೆ ಎತ್ಕಂಡು ಯೋಳ್ಬೇಕು ಕಣ್ಲಾ. ಮುಚ್ಚಿಡಾಕೆ ನಾವೇನ್ ಕದ್ದಿಲ್ಲ." ಕರಾಟೆಗೆ ಸೇರಿಸಿದ್ದೂ ಅದಕ್ಕೇ. ತಲೆ ಎತ್ತಬೇಕಾದರೆ ಬೆನ್ನು ಗಟ್ಟಿಯಿರಬೇಕು ಅನ್ನುವುದು ಅವನ ವಾದ.

ಕ್ಲಾಸಿನಲ್ಲಿ ಒಂಬತ್ತು ಜನ. "ಜೊತೆ ಮಾಡ್ಕೊಳ್ಳಿ" ಅಂತ ಮಾಸ್ಟರ್ ಕೂಗಿದ ಮೊದಲ ದಿನ ಎಲ್ಲರೂ ಪಕ್ಕದವನ ಕಡೆ ತಿರುಗಿದರು. ನನ್ನ ಪಕ್ಕದಲ್ಲಿದ್ದವನು ನಮ್ಮೂರ ದೊಡ್ಡಬೀದಿಯ ಹುಡುಗ. ಅವನು ನನ್ನನ್ನು ನೋಡಿ, ಅತ್ತ ಸರಿದು, ಆಚೆಯವನ ಕಿವಿಯಲ್ಲಿ ಏನೋ ಅಂದ. ಒಂಬತ್ತರಲ್ಲಿ ಒಬ್ಬ ಉಳಿಯಲೇಬೇಕಲ್ಲ, ಉಳಿದವನು ನಾನು. ಗೋಡೆಯ ಬದಿಗೆ ಶಾಲೆಯ ಕಬ್ಬಿಣದ ಬೀರು ನಿಂತಿತ್ತು. ಅದರ ಕೆಳಗಿನ ಸಂದಿಗೆ ಪಾದ ತೂರಿಸಿಕೊಂಡು ಏಳತೊಡಗಿದೆ. ಎದ್ದಾಗಲೆಲ್ಲ ತಗಡಿನ ಅಂಚು ಪಾದದ ಮೇಲೆ ಕೊಯ್ಯುತ್ತಿತ್ತು.

ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು, ಕಲಿತ ಒಂದು ಒದೆತಕ್ಕಾದರೂ ಕೆಲಸ ಸಿಗುತ್ತಿತ್ತು. ಬಿಸ್ಕತ್ತು ಕೊಡುತ್ತಿದ್ದರು, ಜೋಕು ಹೇಳುತ್ತಿದ್ದರು. ಜೊತೆ ಅಂದಾಗ ಮಾತ್ರ ಯಾರ ಕಣ್ಣಿಗೂ ನಾನು ಬೀಳುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಆ ದೊಡ್ಡಬೀದಿಯ ಹುಡುಗ ಬೇಜಾರಾಗಿ ಕ್ಲಾಸು ಬಿಟ್ಟ. ಎಂಟು ಜನ ಉಳಿದೆವು. ಎಂಟೆಂದರೆ ಸರಿಯಾಗಿ ನಾಲ್ಕು ಜೊತೆ ಅಂತ ಬಸ್ಸಿನಲ್ಲೇ ಲೆಕ್ಕ ಹಾಕಿ ಖುಷಿಪಟ್ಟೆ, ಪೆದ್ದ. ಅವನು ಹೋಗಿದ್ದ, ಅವನು ಅಂದ ಮಾತು ಅಲ್ಲೇ ಇತ್ತು. ಅವತ್ತು ಎರಡು ಜೊತೆಯಾದ ಮೇಲೆ ಉಳಿದ ಮೂವರು ಒಟ್ಟಿಗೆ ಸೇರಿಕೊಂಡರು. ಮಲಗಿದವನ ಒಂದು ಕಾಲಿಗೆ ಒಬ್ಬ, ಇನ್ನೊಂದು ಕಾಲಿಗೆ ಇನ್ನೊಬ್ಬ. ನಾನು ಬೀರುವಿನ ಹತ್ತಿರ ಹೋದೆ.

ಮಾಸ್ಟರ್‌ಗೆ ಇದು ಕಾಣಿಸಲಿಲ್ಲವೋ, ಕಂಡರೂ ಬೇಡವಾಗಿತ್ತೋ, ಗೊತ್ತಿಲ್ಲ. "ನೋಡ್ರೋ ಇವನ್ನ! ಯಾರ ಹಂಗೂ ಬೇಡ, ಒಬ್ನೇ ಮಾಡ್ತಾನೆ. ಛಲ ಅಂದ್ರೆ ಇದು" ಅಂತ ಎಲ್ಲರೆದುರು ಹೊಗಳಿದರು. ಚಪ್ಪಾಳೆಯೂ ಬಿತ್ತು. ನಾನೇನು ಹೇಳಬೇಕಿತ್ತು? "ಥ್ಯಾಂಕ್ಸ್ ಸಾ" ಅಂದೆ. ಇವತ್ತಿಗೂ ಯಾರಾದರೂ ನನ್ನ ಛಲ ಹೊಗಳಿದರೆ ಮೈ ಉರಿಯುತ್ತದೆ.

ಬೆಳಿಗ್ಗೆ ಹೊತ್ತು ಮನೆಯಲ್ಲಿ ಅಪ್ಪ ನನ್ನ ಪಾದ ಹಿಡಿಯುತ್ತಿದ್ದ. ಕುಕ್ಕರಗಾಲಿನಲ್ಲಿ ಕೂತು, ಒಂದು, ಎರಡು ಅಂತ ಕೇರಿಗೆಲ್ಲ ಕೇಳುವಂತೆ ಎಣಿಸುತ್ತಿದ್ದ.

"ಇದೇನ್ಲಾ ಗಾಯ?"

"ಒದೆಯುವಾಗ ಆಯ್ತದೆ ಕಣಪ್ಪ."

"ಅಲ್ಲಿ ನಿನ್ ಕಾಲ ಯಾರು ಇಡ್ಕತಾರೆ?"

"ಫ್ರೆಂಡ್ಸು" ಅಂದೆ. ಅಪ್ಪನ ಮುಖ ಅರಳಿತು. ಆ ಮುಖ ನೋಡಿಕೊಂಡು ನಿಜ ಹೇಳುವುದು ನನ್ನ ಕೈಲಾಗಲಿಲ್ಲ.

ಹಳದಿ ಬೆಲ್ಟಿನ ಪರೀಕ್ಷೆ ಟಿ. ನರಸೀಪುರದ ಒಂದು ಛತ್ರದಲ್ಲಿ ನಡೆಯಿತು. ಐವತ್ತು ಸಿಟಪ್ಸ್, ಪಾದವನ್ನು ಇನ್ನೊಬ್ಬ ಹಿಡಿದಿರಲೇಬೇಕು, ನಡುವೆ ನಿಂತರೆ ಫೇಲು. ಭಾನುವಾರವಾದ್ದರಿಂದ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೇ ಬಂದಿದ್ದ. ನನ್ನಿಂದ ಎರಡು ಮಾರು ದೂರದಲ್ಲಿ ಗೋಡೆಗೊರಗಿ ಕೂತ. ವಾರದಿಂದ ನಾನು ಹೆದರಿದ್ದು ಐವತ್ತಕ್ಕಲ್ಲ. ಜೊತೆ ಅಂದಾಗ ನಾನೊಬ್ಬನೇ ನಿಂತಿರುವುದನ್ನು ಅಪ್ಪ ನೋಡುತ್ತಾನಲ್ಲ ಅಂತ.

ಆದರೆ ಪರೀಕ್ಷೆ ಮಾಡಲು ಬಂದವರು ಪಟ್ಟಿ ನೋಡಿ ತಾವೇ ಜೊತೆ ಕೂಗಿದರು. ನನಗೆ ಸಿಕ್ಕವನು ನರಸೀಪುರದ ಕ್ಲಾಸಿನ ಹುಡುಗ. ನಗುತ್ತ ಬಂದು ಕೂತು ನನ್ನ ಪಾದ ಗಟ್ಟಿಯಾಗಿ ಹಿಡಿದ. ಬೆಚ್ಚಗಿನ ಕೈ. ಅಷ್ಟು ಸುಲಭ ಅಂತ ನನಗೆ ಗೊತ್ತೇ ಇರಲಿಲ್ಲ. ಮೂವತ್ತು ದಾಟಿತು.

"ಯಾವೂರ್ಲಾ?" ಅಂದ. ಹೇಳಿದೆ.

"ಅಯ್ಯೋ, ನಮ್ಮತ್ತೇನ ಅದೇ ಊರ್ಗೆ ಕೊಟ್ಟವ್ರೆ ಕಣ್ಲಾ! ನಿಮ್ದು ಯಾವ ಬೀದಿ?"

ಮೂವತ್ತನಾಲ್ಕು. ಮಲಗಿದೆ, ಎದ್ದೆ. ಅವನ ಮುಖ ನನ್ನ ಮುಖದ ಹತ್ತಿರವೇ ಇತ್ತು. ಆ ಕೈ ಸಡಿಲವಾಗುವುದು ನನಗೆ ಬೇಡವಾಗಿತ್ತು.

"ದೊಡ್ಡಬೀದಿ" ಅಂದೆ.

ಕೈ ಹಾಗೇ ಇತ್ತು. ಐವತ್ತೂ ಮುಗಿಯಿತು. ಗೋಡೆಯ ಕಡೆ ನೋಡಿದೆ. ಅಪ್ಪನಿಗೆ ಕೇಳಿಸಿತ್ತು. ಅವನು ನೆಲ ನೋಡುತ್ತಿದ್ದ.

ಆ ಹುಡುಗ ಒಳ್ಳೆಯವನು, ಅದೇ ಕಷ್ಟವಾಯಿತು. ಸೀದಾ ಅಪ್ಪನ ಹತ್ತಿರ ಹೋಗಿ, "ಅಂಕಲ್, ದೊಡ್ಡಬೀದೀಲಿ ನಿಮ್ಮನೆ ಯಾವ್ದು? ಅತ್ತೆ ಮನೆಗ್ ಬಂದಾಗ ಬತ್ತೀನಿ" ಅಂದ. ಅಪ್ಪ ನಿಜ ಹೇಳಿಬಿಡಲಿ ಅನ್ನಿಸಿತು, ಹೇಳದಿರಲಿ ಅಂತಲೂ ಅನ್ನಿಸಿತು. ಬೆಲ್ಟಿಗಾಗಿ ಸಾಲಿನಲ್ಲಿ ನಿಂತಿದ್ದ ನನ್ನನ್ನು ಅಪ್ಪ ಒಂದು ಸಲ ನೋಡಿದ.

"ಕೊನೇ ಮನೆ ಕಣಪ್ಪ" ಅಂದ. ಹೇಳುವಾಗ ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಬೆಲ್ಟು ನನ್ನ ತೊಡೆಯ ಮೇಲಿತ್ತು. ಅಪ್ಪ ಬೈಯಲಿ, ಎರಡು ಬಾರಿಸಲಿ ಅಂತ ನಂಜನಗೂಡಿನವರೆಗೂ ಕಾದೆ. ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ.

ಮಾರನೆಯ ಬೆಳಿಗ್ಗೆ ಅಭ್ಯಾಸದಂತೆ ಚಾಪೆಯ ಮೇಲೆ ಮಲಗಿದೆ. ಅಪ್ಪ ಬಂದು ಕುಕ್ಕರಗಾಲಿನಲ್ಲಿ ಕೂತು ಪಾದ ಹಿಡಿದ. ಅವನ ಹೆಬ್ಬೆರಳು ಗಾಯದ ಮೇಲೆ ಓಡಾಡಿತು. ಎರಡೂ ಪಾದದ ಮೇಲೆ, ಸ್ಕೇಲು ಹಿಡಿದು ಎಳೆದ ಹಾಗೆ ಒಂದೊಂದು ನೇರ ಗೆರೆ. ಒದೆದರೆ ಅಂಥ ಗೆರೆ ಬೀಳುವುದಿಲ್ಲ.

"ಅಲ್ಲಿ ಯಾರೂ ಇಡ್ಕತಿರ್ಲಿಲ್ವೇನ್ಲಾ?" ಅಂದ.

ನಾನು ಏಳತೊಡಗಿದೆ. ಎಷ್ಟಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅವತ್ತು ಅಪ್ಪ ಎಣಿಸಲಿಲ್ಲ.