ಮಂಟಪವಾದ ಕಪಾಟು

ಮಗಳ ಕೋಣೆಯಿಂದ ಊದುಬತ್ತಿಯ ಪರಿಮಳ ಬಂದರೆ ನೀವು ಏನೆಂದುಕೊಳ್ಳುತ್ತೀರೋ ಗೊತ್ತಿಲ್ಲ. ನಮ್ಮಲ್ಲಿ ಅದು ಪುಸ್ತಕದ ಕಪಾಟಿನ ವಾಸನೆ. ಇವತ್ತು ಬೆಳಿಗ್ಗೆಯೂ ಬಂತು. ನಾನು ಎಂದಿನಂತೆ ಒಳಗೊಳಗೇ ಉಬ್ಬಿದೆ.

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅವಳ ಪುಸ್ತಕಗಳಿಗೆಂದು ಆ ಕಪಾಟು ಮಾಡಿದವನು ನಾನೇ. ಬ್ರಹ್ಮಾವರದ ಅತ್ತೆಮನೆಯಲ್ಲಿ ಹಲಸಿನ ಮರ ಬಿದ್ದು, ಕೊಯ್ಸಿದ ಹಲಗೆಗಳಲ್ಲಿ ನಾಲ್ಕಾರು ಕುಂದಾಪುರದ ನಮ್ಮ ಫ್ಲ್ಯಾಟಿಗೆ ಬಂದಿದ್ದವು. ಫೋನಿನಲ್ಲಿ ವೀಡಿಯೊ ನೋಡಿದರೆ ಬಡಗಿಯಾಗುವುದು ಎಷ್ಟು ಸುಲಭ ಅಂತೀರಿ! ಹಲಗೆ ಮಾತ್ರ ಆ ವೀಡಿಯೊ ನೋಡಿರಲಿಲ್ಲ. ಮುಂಭಾಗದ ಮೇಲ್ಪಟ್ಟಿಯನ್ನು ನೇರ ಕೊಯ್ಯಹೋದರೆ ಗರಗಸ ಓರೆಯಾಗಿ ಎಳೆದುಕೊಂಡು ಹೋಯಿತು. ಸರಿತೂಗಿಸಲೆಂದು ಇನ್ನೊಂದು ಬದಿಯನ್ನೂ ಓರೆಯಾಗಿ ಕೊಯ್ದೆ, ಉಜ್ಜಿದೆ. ಕೊನೆಗೆ ಪಟ್ಟಿ ಗೋಪುರದ ಹಾಗೆ ನಿಂತಿತು. ಡಿಸೈನು ಎಂದೆ.

ಅದೇ ವಾರ ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮಲ್ಲಿರಲು ಬಂದರು. ನಮ್ಮ ಕಡೆ ಹಲಸೆಂದರೆ ದೇವರ ಕೆಲಸಕ್ಕೆ ಆಗುವ ಮರ. ಅದಕ್ಕೆ ಗೋಪುರ ಬೇರೆ. ಅವರು ಬಾಗಿಲಲ್ಲೇ ಕೈಮುಗಿದರು.

“ದೇವ್ರ್ ಮಂಟಪ ಮಾಡಿದ್ರ್ಯಾ? ಲಾಯ್ಕ್ ಆಯ್ತ್ ಕಾಣಿ.”

ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ಅಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅಲ್ಲಿಯವರೆಗೆ ಫ್ರಿಜ್ಜಿನ ಮೇಲೆ ವಾಸವಾಗಿದ್ದ ದೇವರುಗಳು ಸಂಜೆಯೊಳಗೆ ಮಗಳ ಕೋಣೆ ಸೇರಿದರು. ಪುಸ್ತಕಗಳು ಮಂಚದ ಕೆಳಗೇ ಉಳಿದವು.

“ಅಪ್ಪಾ, ಅದ್ ನನ್ ಕಪಾಟ್ ಅಲ್ದಾ?”

“ಸ್ವಲ್ಪ ದಿನ ಇರ್ಲಿ ಮಗಾ.”

ಅವಳ ಕಣ್ಣು ತುಂಬಿದ್ದು ನೋಡಿ ಸಂಕಟವಾಯಿತು. ಆದರೆ ಸಿಕ್ಕ ಹೊಗಳಿಕೆಯನ್ನು ಹಿಂದಿರುಗಿಸುವಷ್ಟಲ್ಲ. ಬೈಂದೂರಿನ ನೆಂಟರು ಬಂದಾಗಲೂ, “ಅಳಿಯ ಮಾಡಿದ ಮಂಟಪ” ಎಂದು ಅತ್ತೆ ತೋರಿಸುವುದನ್ನು ಪಕ್ಕದ ಕೋಣೆಯಲ್ಲಿ ಕಿವಿಯಾಗಿ ಕೇಳುತ್ತಿದ್ದೆ.

ಸ್ವಲ್ಪ ದಿನ ಹೋಗಿ ವರ್ಷಗಳಾದವು. ಮಗಳೀಗ ಏಳನೇ ಕ್ಲಾಸು. ಇವತ್ತು ಪೂಜೆ ಮುಗಿಸಿ ಅತ್ತೆ ಸರಸ್ವತಿಯ ಪಟ ಒರೆಸುತ್ತಿದ್ದಾಗ ಪಕ್ಕದಲ್ಲಿ ಹೋಗಿ ಕೂತಳು.

“ಅಜ್ಜಿ, ಸರಸ್ವತಿ ಕೈಯಗ್ ಇಪ್ಪುದ್ ಒಂದೇ ಪುಸ್ತಕ. ಅದ್ ಓದಿ ಮುಗುದ್ರೆ ಎಂತ ಮಾಡೂದ್?”

ಅತ್ತೆ ಪಟವನ್ನೊಮ್ಮೆ, ಮಂಚದ ಕೆಳಗೊಮ್ಮೆ ನೋಡಿದರು. ಮತ್ತೆ ಒಂದೊಂದೇ ದೇವರನ್ನು ಇಳಿಸತೊಡಗಿದರು.

“ನಿನ್ ಪುಸ್ತಕ ಇಲ್ಲಿಡ್ ಮಗಾ. ದೇವ್ರಿಗೆ ಬೇರೆ ಮಂಟಪ ಮಾಡ್ಸ್ವ.”

“ನಾನೇ ಮಾಡ್ತೆ ಅತ್ತೆ,” ಎಂದು ಮುಂದೆ ಬಂದೆ.

“ಬ್ಯಾಡ, ಈ ಸಲ ಆಚಾರಿ ಮಾಡ್ಲಿ,” ಎಂದರು ಅತ್ತೆ, ಮೆಲ್ಲಗೆ. “ಇಷ್ಟ್ ವರ್ಷ ದೀಪ ಹಚ್ಚುವ ಹೊತ್ತಿಗೆಲ್ಲ ಒಂದ್ ಕೈಯಗ್ ಇದನ್ನ್ ಹಿಡ್ಕಂತಿದ್ದೆ.”

ಮಗಳು ದಪ್ಪ ಪುಸ್ತಕಗಳನ್ನೆಲ್ಲ ಕೆಳಗಿನ ಹಲಗೆಗೆ ತುಂಬಿದಳು. ಕಪಾಟು ಮೊದಲ ಸಲ ಅಲ್ಲಾಡದೆ ನಿಂತಿತು.